ಮೆಡೋಸ್ ಟೇಲರ್ ಬರೆದ ಸುರಪುರವನ್ನು ಎಷ್ಟು ನಂಬಬಹುದು?

ಓದುಹುಚ್ಚಿ
ಒಂದು ವಾರದಿಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನ ಆತ್ಮಕಥೆ ಹಿಡಿದು ಕೂತಿದ್ದೇನೆ. 'ಸ್ಟೋರಿ ಆಫ್ ಮೈ ಲೈಫ್'. ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಹೊರತಂದದ್ದು. ಥಗ್ಗರ, ಅಂದರೆ ದಾರಿಹೋಕರ ಕುತ್ತಿಗೆ ಬಿಗಿದು ದೋಚುತ್ತಿದ್ದವರ, ಕಾದಂಬರಿ ಬರೆದವನು ಅಂತ ಮಾತ್ರ ಗೊತ್ತಿತ್ತು. ನಮ್ಮ ಸುರಪುರದಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಆಡಳಿತ ನಡೆಸಿದ್ದ ಅಂತ ಗೊತ್ತೇ ಇರಲಿಲ್ಲ. ನಾಚಿಕೆಯ ವಿಷಯ.

ಓದುತ್ತಾ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಸುರಪುರದ ರಾಜಾ ವೆಂಕಟಪ್ಪ ನಾಯಕ ಚಿಕ್ಕ ಹುಡುಗನಾಗಿದ್ದಾಗಿಂದ ಟೇಲರನ ಕಣ್ಣೆದುರೇ ಬೆಳೆದವನು. ಟೇಲರನನ್ನು 'ಅಪ್ಪಾ' ಅಂತ ಕರೆಯುತ್ತಿದ್ದನಂತೆ. 1858ರಲ್ಲಿ ಬಂಡೆದ್ದು ಸಿಕ್ಕಿಬಿದ್ದಾಗಲೂ ಸೆರೆಮನೆಯಲ್ಲಿ ಹಾಗೇ ಕರೆದನಂತೆ. ಓದುವಾಗ ಗಂಟಲು ಕಟ್ಟಿತು. ಆಮೇಲೆ ಕಾಫಿ ಕುಡಿಯುತ್ತಾ ಅನುಮಾನ ಶುರುವಾಯಿತು. ಬರೆದವನು ಕಾದಂಬರಿಕಾರ. ಹೇಳುತ್ತಿರುವುದು ತನ್ನದೇ ಕಥೆ. ಎದುರು ಪಕ್ಷದವನು ಸತ್ತು ಹೋಗಿದ್ದಾನೆ. ಇದನ್ನು ಎಷ್ಟರ ಮಟ್ಟಿಗೆ ನಂಬೋದು? ಸುರಪುರದ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಮೂರನೇ ಬೆಂಚು
ಥಗ್ಗರನ್ನು ಹಿಡಿದವನು ಇವನೇ ಅಲ್ವಾ?

ನಿವೃತ್ತ ಮೇಷ್ಟ್ರು
ಅಲ್ಲ. ಅದು ಸ್ಲೀಮನ್, ಇನ್ನೊಬ್ಬ ಇಂಗ್ಲಿಷ್ ಅಧಿಕಾರಿ. ಟೇಲರ್ ಬರೆದವನು, ಹಿಡಿದವನಲ್ಲ. ಆದರೆ ಅವನ ಮಾತು ಕೇಳಿದರೆ ಹಿಡಿಯುವುದು ಸ್ವಲ್ಪದರಲ್ಲೇ ತಪ್ಪಿತು. ನಿಜಾಮನ ಸೀಮೆಯಲ್ಲಿ ಪೊಲೀಸ್ ಕೆಲಸದಲ್ಲಿದ್ದಾಗ ಊರ ಹೊರಗೆ ಹೆಣಗಳು ಸಿಗುತ್ತಿದ್ದವು. ಜಾಡು ಹಿಡಿದು ಹೊರಟಿದ್ದ. ಅಷ್ಟರಲ್ಲಿ ರೆಜಿಮೆಂಟಿಗೆ ವಾಪಸು ಬಾ ಅಂತ ಹುಕುಂ ಬಂತು. ಹೆಸರು ಸ್ಲೀಮನ್‌ಗೆ ಹೋಯಿತು. ಈ ಹೊಟ್ಟೆಯುರಿ ಅವನಿಗೆ ಕೊನೆವರೆಗೂ ಇತ್ತು. ಆತ್ಮಕಥೆಯಲ್ಲಿ ಅದು ಎದ್ದು ಕಾಣುತ್ತದೆ.

ಸಗರನಾಡಿನವ
ಸುರಪುರದ ಕಡೆಯವನೇ ನಾನು. ಬಂದೆ ನೋಡಿ.

ಮೊದಲು ಒಂದು ಮಾತು. ನಮ್ಮೂರಲ್ಲಿ ಇವತ್ತಿಗೂ ಗುಡ್ಡದ ಮೇಲೆ 'ಟೇಲರ್ ಮಂಜಿಲ್' ಇದೆ. ಅವನು ಕಟ್ಟಿಸಿಕೊಂಡ ಬಂಗಲೆ. ಚಿಕ್ಕವರಿದ್ದಾಗ ಆ ಗುಡ್ಡ ಹತ್ತಿ ಗಾಳಿಪಟ ಬಿಡುತ್ತಿದ್ದೆವು. ಟೇಲರ್ ಅಂದರೆ ಬಟ್ಟೆ ಹೊಲಿಯುವವನು ಅಂತಲೇ ಎಷ್ಟೋ ವರ್ಷ ತಿಳಿದಿದ್ದೆ. ಇಷ್ಟು ದೊಡ್ಡ ಮನೆ ಕಟ್ಟಬೇಕಾದರೆ ಎಷ್ಟು ಅಂಗಿ ಹೊಲಿದಿರಬೇಕು ಅಂತ ಅಜ್ಜನನ್ನು ಕೇಳಿ ಬೈಸಿಕೊಂಡಿದ್ದೇನೆ.

ಅದೇ ಅಜ್ಜ ಹೇಳುತ್ತಿದ್ದುದು: ವೆಂಕಟಪ್ಪ ನಾಯಕರ ಕಥೆ ಇಂಗ್ಲಿಷರು ಬರೆದ ಹಾಗೆ ಮುಗಿದಿಲ್ಲ. ಮದ್ರಾಸಿನ ಕಡೆ ಚೆಂಗಲ್ಪಟ್ಟಿನ ಕೋಟೆಗೆ ಸಾಗಿಸುವಾಗ ದಾರಿಯಲ್ಲಿ ಬಿಡಾರ ಹೂಡಿದ್ದರು. ಕಾವಲಿನ ಸಾಹೇಬನ ರಿವಾಲ್ವರ್ ತೆಗೆದುಕೊಂಡು ತಾನೇ ಹೊಡೆದುಕೊಂಡ ಅಂತ ದಾಖಲೆ. ಅಜ್ಜ ಇದನ್ನು ನಂಬಲೇ ಇಲ್ಲ. "ಕೈದಿ ಕೈಗೆ ಸಿಗೋ ಜಾಗದಾಗ ಪಿಸ್ತೂಲ ಯಾರು ಇಡ್ತಾರ?" ಅಂತ ಕೇಳುತ್ತಿದ್ದ. ನನಗೆ ಉತ್ತರ ಗೊತ್ತಿಲ್ಲ. ಪ್ರಶ್ನೆ ಮಾತ್ರ ಸರಿಯಾಗಿದೆ.

ಭೀಮಾತೀರ
ಅಜ್ಜನ ಪ್ರಶ್ನೆಗೆ ಒಂದು ವೋಟು.

ಹಳೇ ನಕ್ಷೆ
ಸ್ವಲ್ಪ ತಡೀರಿ. ಕೊಂದರು ಅನ್ನುವುದಕ್ಕೆ ಕಾರಣ ಏನಿತ್ತು? ಶಿಕ್ಷೆಯ ಲೆಕ್ಕ ನೋಡಿ. ಮೊದಲು ಮರಣದಂಡನೆ. ಹೈದರಾಬಾದಿನ ರೆಸಿಡೆಂಟ್, ಅಂದರೆ ನಿಜಾಮನ ದರ್ಬಾರಿನಲ್ಲಿದ್ದ ಇಂಗ್ಲಿಷರ ಪ್ರತಿನಿಧಿ, ಡೇವಿಡ್ಸನ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ ನಾಲ್ಕು ವರ್ಷದ ಕೋಟೆಯ ಸೆರೆವಾಸ ಮಾಡಿದ. ನಡತೆ ಸರಿಯಿದ್ದರೆ ಸಂಸ್ಥಾನ ವಾಪಸು ಸಿಗುವ ಆಸೆಯೂ ಇತ್ತು. ಕೊಲ್ಲಬೇಕು ಅಂತಿದ್ದರೆ ಹೈದರಾಬಾದಿನಲ್ಲೇ ಗಲ್ಲಿಗೆ ಹಾಕಬಹುದಿತ್ತಲ್ಲ.

ಸಗರನಾಡಿನವ
ಹಳೇ ನಕ್ಷೆಯವರೇ, ಆ ಲೆಕ್ಕ ನನಗೂ ಗೊತ್ತು. ಆದರೆ ಅದೇ ಲೆಕ್ಕ ಉಲ್ಟಾ ಕೂಡ ಕೇಳುತ್ತದೆ. ನಾಲ್ಕು ವರ್ಷದಲ್ಲಿ ಮನೆಗೆ ಬರುವ ಹುಡುಗ, ಇಪ್ಪತ್ನಾಲ್ಕರ ಪ್ರಾಯ, ಯಾಕೆ ಸಾಯಬೇಕು?

ಓದುಹುಚ್ಚಿ
ಅದಕ್ಕೆ ಟೇಲರ್ ಒಂದು ಉತ್ತರ ಕೊಟ್ಟಿದ್ದಾನೆ. ಬೇಡರ ನಾಯಕನಿಗೆ ಜೈಲು ಅಂದರೆ ಸಾವಿಗಿಂತ ದೊಡ್ಡ ಅವಮಾನ ಅಂತ. ಗಲ್ಲಿಗೆ ಮಾತ್ರ ಹಾಕಬೇಡಿ, ತೋಪಿನ ಬಾಯಿಗೆ ಬೇಕಾದರೆ ಕಟ್ಟಿ ಅಂತ ಹುಡುಗ ಕೇಳಿಕೊಂಡಿದ್ದನಂತೆ. ಇನ್ನೊಂದು ವಿಷಯ ಇದೆ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಜಾತಕದ ಕಥೆ. ವೆಂಕಟಪ್ಪ ಇನ್ನೂ ಮಗು. ಆಗಲೇ ಅರಮನೆಯ ಪುರೋಹಿತ ಗುಟ್ಟಾಗಿ ಟೇಲರನಿಗೆ ಹೇಳಿದ್ದನಂತೆ, ಈ ಹುಡುಗ 24ನೇ ವರ್ಷ ದಾಟುವುದಿಲ್ಲ ಅಂತ. ಯಾರಿಗೂ ಹೇಳಬಾರದು ಅಂತ ಮಾತು ತೆಗೆದುಕೊಂಡ. ಶಿಕ್ಷೆ ಇಳಿದ ಸುದ್ದಿ ಬಂದಾಗ ಜಾತಕ ಸುಳ್ಳಾಯಿತು ಅಂತ ಟೇಲರ್ ನೆಮ್ಮದಿಪಟ್ಟ. ಆಮೇಲೆ ಬಂತು ಸಾವಿನ ಸುದ್ದಿ.

ಮೂರನೇ ಬೆಂಚು
ಸಿನಿಮಾ ಇಂಟರ್ವಲ್ ಇದ್ದ ಹಾಗಿದೆ.

ನಿವೃತ್ತ ಮೇಷ್ಟ್ರು
ಅದೇ ನನ್ನ ತಕರಾರು. ತೀರಾ ಅಚ್ಚುಕಟ್ಟಾಗಿದೆ. ಕಾದಂಬರಿ ಬರೆದು ಕೈ ಪಳಗಿದವನಿಗೆ ಮಾತ್ರ ಇಷ್ಟು ಚಂದ ಜೋಡಿಸಲು ಬರುತ್ತದೆ. ಸುಳ್ಳು ಅಂತ ಹೇಳುತ್ತಿಲ್ಲ. ಇಪ್ಪತ್ತು ವರ್ಷ ಆದಮೇಲೆ ನೆನಪು ಮಾಡಿಕೊಂಡು ಬರೆಯುವಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕಥೆಗೆ ತಕ್ಕ ಹಾಗೆ ಕೂತುಕೊಳ್ಳುತ್ತದೆ. ನಮ್ಮ ಮನೆಯಲ್ಲೇ ಮದುವೆ ಕಥೆ ಹೇಳುವಾಗ ನೋಡಿ. ಪ್ರತಿ ವರ್ಷ ಮಳೆ ಜಾಸ್ತಿ ಆಗುತ್ತಾ ಹೋಗುತ್ತದೆ.

ಪೇಟೆ ಹುಡುಗ
ಇಷ್ಟು ಯಾಕೆ ತಲೆ ಕೆಡಿಸಿಕೊಳ್ತೀರಿ? ಬ್ರಿಟಿಷ್ ಅಧಿಕಾರಿ. ಕಂಪನಿ ಸಂಬಳ ತಿಂದ. ಕಂಪನಿ ಪರ ಬರೆದ. ಮುಗೀತು.

ನಿವೃತ್ತ ಮೇಷ್ಟ್ರು
ಪೇಟೆ ಹುಡುಗ, ತಪ್ಪು. ಅವನು ಬಹುಕಾಲ ತಿಂದದ್ದು ನಿಜಾಮನ ಸಂಬಳ. ಇದು ಸಣ್ಣ ವ್ಯತ್ಯಾಸ ಅಲ್ಲ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ. ಅಪ್ಪನ ವ್ಯಾಪಾರ ಕೆಟ್ಟಿತ್ತು. ಹದಿನೈದು ವರ್ಷದ ಹುಡುಗನನ್ನು ಬೊಂಬಾಯಿಯ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿ ಕಳಿಸಿದರು. ಮುಂದೆ ಪಾಲುದಾರ ಮಾಡಿಕೊಳ್ಳುತ್ತೇವೆ ಅಂತ ಆಸೆ ಹುಟ್ಟಿಸಿದ್ದರು. 1824ರಲ್ಲಿ ಬಂದು ಇಳಿದು ನೋಡಿದರೆ ಆ ಅಂಗಡಿಯೇ ಸಾಲದಲ್ಲಿ ಮುಳುಗಿತ್ತು! ಬೊಂಬಾಯಿ ಸರ್ಕಾರದಲ್ಲಿದ್ದ ಒಬ್ಬ ನೆಂಟ ಕೈಹಿಡಿದು ನಿಜಾಮನ ಸೈನ್ಯದಲ್ಲಿ ಕೆಲಸ ಕೊಡಿಸಿದ. ಕಂಪನಿಯ ದೊಡ್ಡ ಸಾಹೇಬರ ಕಣ್ಣಲ್ಲಿ ಇವನು ಯಾವತ್ತೂ ಎರಡನೇ ಪಂಕ್ತಿಯವನು. ಅದು ಅವನ ಬರವಣಿಗೆಯಲ್ಲಿ ಕಾಣುತ್ತದೆ. ಅವನ ಕಾದಂಬರಿಗಳಲ್ಲಿ ಇಂಗ್ಲಿಷರಿಗಿಂತ ನಮ್ಮವರಿಗೇ ಜಾಗ ಜಾಸ್ತಿ.

ಪೇಟೆ ಹುಡುಗ
ಸರಿ ಮೇಷ್ಟ್ರೇ, ಸಂಬಳದ ವಿಷಯ ಒಪ್ಪಿದೆ. ಆದರೆ ಟಿಪ್ಪು ಮೇಲೆ ಬರೆದದ್ದು? 1840ರ ಕಾದಂಬರಿ. ನಾನು ಅರ್ಧ ಓದಿ ಎಸೆದೆ. ಟಿಪ್ಪು ಅದರಲ್ಲಿ ಬರೀ ಕ್ರೂರಿ. ಅದೂ ನಮ್ಮವರಿಗೆ ಕೊಟ್ಟ ಜಾಗವೇ?

ಪುಸ್ತಕದ ಹುಳು
ಇಲ್ಲಿ ಟಿಪ್ಪು ಚರ್ಚೆ ಶುರು ಮಾಡಬೇಡಿ ದಯವಿಟ್ಟು. ಹೋದ ಸಲ ಮೂರು ದಿನ ನಡೆದಿತ್ತು.

ಹಳೇ ನಕ್ಷೆ
+1. ಆ ಕಾದಂಬರಿ ಕಾದಂಬರಿಯಾಗಿಯೇ ಸಪ್ಪೆ. ಟೇಲರನ ಮೇಲೆ ಕೋಪ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆ ಕಾರಣಗಳಿವೆ.

ಪುಸ್ತಕದ ಹುಳು
ಥಗ್ಗರ ಕಾದಂಬರಿ ಮಾತ್ರ ಸಪ್ಪೆ ಅಲ್ಲ. 1839ರಲ್ಲಿ ಬಂದದ್ದು. ಇಂಗ್ಲೆಂಡಿನಲ್ಲಿ ಜನ ಮುಗಿಬಿದ್ದು ಓದಿದರು. ವಿಕ್ಟೋರಿಯಾ ರಾಣಿ ಪುಸ್ತಕ ಬರುವವರೆಗೂ ಕಾಯಲಾಗದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳು ಅಂತ ಹೇಳುತ್ತಾರೆ. ಕಥೆ ಹೇಳುವವನು ಅಮೀರ್ ಅಲಿ, ಸೆರೆಯಲ್ಲಿರುವ ಥಗ್. 719 ಕೊಲೆ ಮಾಡಿದೆ ಅನ್ನುತ್ತಾನೆ. ಮಧ್ಯೆ ಹನ್ನೆರಡು ವರ್ಷ ಜೈಲಿನಲ್ಲಿ ಇಲ್ಲದಿದ್ದರೆ ಸಾವಿರ ಆಗುತ್ತಿತ್ತು ಅಂತ ಬೇಜಾರು ಬೇರೆ.

ಹೆದರಿಕೆ ಹುಟ್ಟಿಸುವುದು ಕೊಲೆ ಅಲ್ಲ. ಅವನ ಮರ್ಯಾದೆ. ಒಳ್ಳೆ ಮಾತುಗಾರ, ಹೆಂಡತಿ ಮಕ್ಕಳೆಂದರೆ ಪ್ರಾಣ. ದಾರಿಯಲ್ಲಿ ಜೊತೆಯಾದವರ ಹತ್ತಿರ ದಿನಗಟ್ಟಲೆ ಕಥೆ ಹೇಳುತ್ತಾ ನಗಿಸುತ್ತಾ ಬರುತ್ತಾನೆ. ಆಮೇಲೆ ರುಮಾಲು ತೆಗೆಯುತ್ತಾನೆ. ಓದುತ್ತಾ ಓದುತ್ತಾ ನಾವೂ ಆ ತಂಡದಲ್ಲೇ ನಡೆಯುತ್ತಿದ್ದೇವೆ ಅನ್ನಿಸುತ್ತದೆ. ಕೊಲ್ಲುವವರ ಕಡೆ!

ಮೂರನೇ ಬೆಂಚು
ಥಗ್ಗರು ನಮ್ಮ ಕಡೆ ಇರಲಿಲ್ಲ ಬಿಡಿ. ಅದೆಲ್ಲ ಉತ್ತರದ ಕಡೆಯದ್ದು.

ಹಳೇ ನಕ್ಷೆ
ಹಾಗೇನಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿಯನ್ನು ಹಿಡಿದಿದ್ದರು. ಇಂಗ್ಲಿಷರ ಕಾಗದಪತ್ರದಲ್ಲಿ ಅವರ ಹೆಸರು ಫಾಂಸಿಗಾರರು. ಸ್ಲೀಮನ್ ಬರುವುದಕ್ಕೆ ಎಷ್ಟೋ ಮೊದಲು. ಕನ್ನಡದಲ್ಲಿ ಅವರನ್ನು 'ತಂತಿ ಕಳ್ಳರು' ಅನ್ನುತ್ತಾರೆ ಅಂತ 1816ರಲ್ಲೇ ಮದ್ರಾಸಿನ ಒಬ್ಬ ಡಾಕ್ಟರ್ ಸಾಹೇಬ ಬರೆದಿದ್ದಾನೆ. ಕುತ್ತಿಗೆಗೆ ತಂತಿ ಬಿಗಿಯುವವರು.

ಮೂರನೇ ಬೆಂಚು
ತಂತಿ ಕಳ್ಳರು ಈಗಲೂ ಇದ್ದಾರೆ. ನಮ್ಮ ಹೊಲದ ಪಂಪ್‌ಸೆಟ್ ಕೇಬಲ್ ಹೋದ ತಿಂಗಳು ಕತ್ತರಿಸಿಕೊಂಡು ಹೋದರು.

ಭೀಮಾತೀರ
😂😂

ಪೇಟೆ ಹುಡುಗ
ಥಗ್ಗರ ಇಡೀ ಕಥೆಯನ್ನೇ ಇಂಗ್ಲಿಷರು ಉಬ್ಬಿಸಿದರು ಅಂತ ಹೇಳುವ ಇತಿಹಾಸಕಾರರೂ ಇದ್ದಾರೆ. ದಾರಿಗಳ್ಳರು ಎಲ್ಲ ಕಡೆ ಇದ್ದರು. ಅವರಿಗೆ ಒಂದು ಧರ್ಮ, ಒಂದು ಗುಟ್ಟಿನ ಭಾಷೆ, ಒಂದು ಕಾಳಿ ಪೂಜೆ ಎಲ್ಲ ಸೇರಿಸಿ ದೊಡ್ಡ ಭೂತ ಮಾಡಿದರು. ಭೂತ ಇದ್ದರೆ ತಾನೇ ಮಾಂತ್ರಿಕನಿಗೆ ಕೆಲಸ. ಟೇಲರನ ಕಾದಂಬರಿ ಆ ಭೂತಕ್ಕೆ ಬಣ್ಣ ಬಳಿಯಿತು.

ನಿವೃತ್ತ ಮೇಷ್ಟ್ರು
ಈ ಮಾತನ್ನು ಒಪ್ಪುತ್ತೇನೆ. ಪೂರ್ತಿ ಅಲ್ಲ, ಮುಕ್ಕಾಲು.

ಕಲ್ಲುಹುಡುಕ
ಎಲ್ಲರೂ ಕಾದಂಬರಿ ಹಿಡಿದು ಕೂತಿದ್ದೀರಿ. ನನಗೆ ಟೇಲರ್ ಬೇಕಾಗಿರುವುದು ಬೇರೆ ಕಾರಣಕ್ಕೆ. ಕಲ್ಲಿಗೆ.

ಸುರಪುರದಲ್ಲಿದ್ದಾಗ ಅವನು ಸುತ್ತಲಿನ ಇತಿಹಾಸಪೂರ್ವ ಕಾಲದ ಕಲ್ಲುಗೋರಿಗಳನ್ನೆಲ್ಲ ಸುತ್ತಿ ನೋಡಿದ. ರಾಜನಕೋಳೂರು, ಹಗರಟಗಿ, ಜೇವರ್ಗಿ. ಕೆಲವನ್ನು ಅಗೆಸಿದ. ಒಳಗೆ ಅಸ್ಥಿಪಂಜರ, ಮಡಕೆ, ಕಬ್ಬಿಣದ ಭರ್ಚಿಯ ತುದಿ. ಇದರಲ್ಲಿ ದೊಡ್ಡ ವಿಷಯ ಏನು ಅಂತೀರಾ? ಆ ಕಾಲದಲ್ಲಿ ಗೋರಿ ಅಗೆಯುವುದು ಅಂದರೆ ನಿಧಿ ಹುಡುಕುವುದು. ಇವನು ಹಾಗೆ ಮಾಡಲಿಲ್ಲ. ಗುಂಡಿಯ ಪಕ್ಕದ ಗೋಡೆಯಲ್ಲಿ ಮಣ್ಣಿನ ಪದರ ಯಾವುದರ ಮೇಲೆ ಯಾವುದಿದೆ, ಎಲುಬು ಎಲ್ಲಿದೆ, ಮಡಕೆ ಎಲ್ಲಿದೆ ಅಂತ ಅಡ್ಡಕೊಯ್ತದ ಚಿತ್ರ ಬರೆದ. ದೋಸೆ ಹಿಟ್ಟಿನ ಹಾಗೆ ಎಲ್ಲ ಕಲಸಿಬಿಡಲಿಲ್ಲ. ಸುಮಾರು ನೂರು ವರ್ಷ ಆದಮೇಲೆ ಮಾರ್ಟಿಮರ್ ವೀಲರ್, ಅದೇ 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿ ಅಗೆಸಿದವರು, ಈ ಚಿತ್ರಗಳನ್ನು ನೋಡಿ ಮೆಚ್ಚಿದ್ದರು.

ತಪ್ಪೂ ಮಾಡಿದ. ಐರ್ಲೆಂಡಿನಲ್ಲಿ ಇಂಥದ್ದೇ ಕಲ್ಲುಗಳಿವೆಯಲ್ಲ ಅಂತ ನಮ್ಮ ಗೋರಿಗಳನ್ನು ಯುರೋಪಿನ ಕೆಲ್ಟರಿಗೋ ಮಧ್ಯ ಏಷ್ಯಾದ ಸಿಥಿಯನ್ನರಿಗೋ ಅಂಟಿಸಲು ಹೋದ. ಅದು ಈಗ ಯಾರೂ ಒಪ್ಪುವುದಿಲ್ಲ. ಚಿತ್ರ ಉಳಿಯಿತು, ವಾದ ಬಿತ್ತು.

ಭೀಮಾತೀರ
ನಮ್ಮ ಕಡೆ ಅವನ್ನು ಮೋರಿಯರ ಮನೆ ಅಂತಾರೆ. ಗೇಣುದ್ದದ ಕುಳ್ಳ ಜನ ಇದ್ದರಂತೆ, ಅವರು ಕಟ್ಟಿಕೊಂಡದ್ದಂತೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲೂ ಇದೇ ಕಥೆ, ಅಲ್ಲಿ ಮೋರೇರ ಗುಡ್ಡ.

ಕಲ್ಲುಹುಡುಕ
ಭೀಮಾತೀರ, ಆ ಹೆಸರನ್ನೂ ಟೇಲರ್ ಬರೆದುಕೊಂಡಿದ್ದಾನೆ. ಊರವರು ಹೇಳಿದ ಕಥೆಯನ್ನು ಬಿಸಾಡಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಸ್ವಲ್ಪ ಪ್ರೀತಿ.

ಶಹಾಪುರದ ಹತ್ತಿರ ವಿಭೂತಿಹಳ್ಳಿ ಇದೆ. ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಸಾಲಾಗಿ, ಅಡ್ಡಕ್ಕೂ ಉದ್ದಕ್ಕೂ ಸಮನಾಗಿ ಇಟ್ಟಿದ್ದಾರೆ, ಯಾರೋ ಹುಣಸೆ ತೋಪು ನೆಡಲು ಗುರುತು ಹಾಕಿದ ಹಾಗೆ. ಯಾಕೆ ಇಟ್ಟರು ಅಂತ ಇಂದಿಗೂ ಜಗಳ. ಅದನ್ನೂ ಇವನು ನೋಡಿ ಬರೆದಿದ್ದಾನೆ. ಹೋದ ಚಳಿಗಾಲದಲ್ಲಿ ಹೋಗಿದ್ದೆ. ಒಂದು ಕಲ್ಲಿನ ಮೇಲೆ ಯಾರೋ ಹೆಂಗಸರು ಹಪ್ಪಳ ಒಣಗಲು ಹಾಕಿದ್ದರು. ಎರಡು ಸಾವಿರಕ್ಕೂ ಜಾಸ್ತಿ ವರ್ಷದ ಕಲ್ಲು, ಜೋಳದ ಹಪ್ಪಳ. ಫೋಟೋ ತೆಗೆಯಲಾ ಅಂದರೆ "ತಗೀರಿ, ಆದ್ರ ಕಾಗಿ ಓಡಸ್ರಿ" ಅಂದರು.

ಓದುಹುಚ್ಚಿ
ಹಪ್ಪಳದ ಫೋಟೋ ಹಾಕಿ!

ಪುಸ್ತಕದ ಹುಳು
ಬಿಜಾಪುರ, ಧಾರವಾಡ, ಮೈಸೂರು ಸೀಮೆಯ ಕಟ್ಟಡಗಳ ದೊಡ್ಡ ಫೋಟೋ ಪುಸ್ತಕಗಳು 1866ರಲ್ಲಿ ಬಂದವಲ್ಲ, ಅವುಗಳ ಇತಿಹಾಸದ ಭಾಗ ಬರೆದವನೂ ಟೇಲರೇ. ಕಟ್ಟಡಗಳ ಬಗ್ಗೆ ಬರೆದವರು ಫರ್ಗ್ಯುಸನ್. ಒಂದು ಲೈಬ್ರರಿಯಲ್ಲಿ ಇದೆ ಅಂತ ಕೇಳಿ ಹೋಗಿದ್ದೆ. ಬೀರುವಿನ ಗಾಜಿನ ಹಿಂದೆ ಕಾಣುತ್ತಿತ್ತು. ಬೀಗದ ಕೈ ಇದ್ದವರು ರಜೆ. ಮುಂದಿನ ವಾರ ಹೋದರೆ ಅವರಿಗೆ ವರ್ಗ. ಬೀಗದ ಕೈಯೂ ಜೊತೆಗೆ ಹೋಯಿತೋ ಏನೋ.

ನಿವೃತ್ತ ಮೇಷ್ಟ್ರು
ಅವನು ಬರೆದ ಭಾರತದ ಇತಿಹಾಸದ ಪಠ್ಯಪುಸ್ತಕವೂ ಇದೆ, 1870ರದ್ದು, ವಿದ್ಯಾರ್ಥಿಗಳಿಗೆ ಅಂತ. ಇಟ್ಟಿಗೆಯಷ್ಟು ದಪ್ಪ. ಇತಿಹಾಸಕಾರ ಅನ್ನಿಸಿಕೊಂಡದ್ದು ಅದರಿಂದ. ಆದರೆ ನನ್ನ ಕೇಳಿದರೆ ಅವನ ಇತಿಹಾಸ ಇರುವುದು ಕಾದಂಬರಿಗಳಲ್ಲೇ. ಮೂರನ್ನು ನೂರು ನೂರು ವರ್ಷದ ಅಂತರದಲ್ಲಿ ಇಟ್ಟ. 'ತಾರಾ' 1657, ಶಿವಾಜಿ ತಲೆಯೆತ್ತಿದ ಕಾಲ, ಬಿಜಾಪುರ, ತುಳಜಾಪುರ. 'ರಾಲ್ಫ್ ಡಾರ್ನೆಲ್' 1757, ಪ್ಲಾಸಿ. 'ಸೀತಾ' 1857. ಓದುವುದಾದರೆ 'ತಾರಾ' ಓದಿ. ಬಿಜಾಪುರದ ಬೀದಿ, ತುಳಜಾಪುರದ ಗುಡಿ ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಆ ಸೀಮೆಯಲ್ಲಿ ಕುದುರೆ ಮೇಲೆ ತಿರುಗಿದವನಿಗೆ ಮಾತ್ರ ಸಾಧ್ಯ.

ಓದುಹುಚ್ಚಿ
'ಸೀತಾ' ಬಗ್ಗೆ ನನಗೆ ಸಿಟ್ಟಿದೆ ಮೇಷ್ಟ್ರೇ. 1872ರಲ್ಲಿ ವಿಧವೆ ಹೆಣ್ಣನ್ನು ಇಂಗ್ಲಿಷ್ ಅಧಿಕಾರಿಗೆ ಮದುವೆ ಮಾಡಿಸಿ ಕಾದಂಬರಿ ಬರೆಯಲು ಗುಂಡಿಗೆ ಬೇಕು. ಸರಿ. ಆದರೆ ಕೊನೆಗೆ ಏನು ಮಾಡಿದ? ಗಂಡನಿಗೆ ಬೀಳಬೇಕಾದ ಏಟಿಗೆ ಅವಳು ಅಡ್ಡ ಬಂದು ಸತ್ತಳು. ಗಂಡ ಆಮೇಲೆ ಬಿಳಿ ಹೆಣ್ಣನ್ನು ಕಟ್ಟಿಕೊಂಡ. ಧೈರ್ಯ ಮುಕ್ಕಾಲು ದಾರಿಗೇ ಖರ್ಚಾಯಿತು.

ಹಳೇ ನಕ್ಷೆ
ಅವನ ಸ್ವಂತ ಮನೆಯ ಕಥೆ ನೆನಪಿಟ್ಟುಕೊಂಡು ಓದಿ. ಟೇಲರನ ಹೆಂಡತಿ ಮೇರಿ, ಹೈದರಾಬಾದಿನ ದೊಡ್ಡ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಫೈಜ್ ಬಕ್ಷ್ ಅನ್ನುವ ಬೇಗಂ. ಅಂದರೆ ಹೆಂಡತಿಯ ಅಜ್ಜಿ ಈ ದೇಶದವಳೇ. ಮೇರಿ 1844ರಲ್ಲೇ ತೀರಿಕೊಂಡಳು. ಅವನು ಸುರಪುರದಲ್ಲಿದ್ದ ಕಾಲ ಅದು. ಅಂಥ ಮದುವೆಯನ್ನು ಇಂಗ್ಲಿಷ್ ಸಮಾಜ ಹೇಗೆ ನೋಡುತ್ತದೆ ಅಂತ ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಓದುಹುಚ್ಚಿ
ಓ. ಇದು ಗೊತ್ತಿರಲಿಲ್ಲ. ಸಿಟ್ಟು ಅರ್ಧ ಇಳಿಯಿತು.

ಪೇಟೆ ಹುಡುಗ
ಎಲ್ಲರೂ ಕರಗುತ್ತಿದ್ದೀರಿ. ಮತ್ತೆ ಸುರಪುರಕ್ಕೆ ಬನ್ನಿ. ಅವನು ಅಲ್ಲಿಗೆ ಬಂದದ್ದೇ ಯಾಕೆ? ಸುರಪುರದ ರಾಜ ಪಟ್ಟಕ್ಕೆ ಬಂದದ್ದಕ್ಕೆ ನಿಜಾಮನಿಗೆ 15 ಲಕ್ಷ ರೂಪಾಯಿ ನಜರಾಣೆ ಕೊಡಬೇಕಿತ್ತು. ಎಲ್ಲಿಂದ ತರುತ್ತಾರೆ? ಸಾಲ. ಆ ಸಾಲ ನೆಪ ಮಾಡಿಕೊಂಡು ಇಂಗ್ಲಿಷರು ಒಳಗೆ ಬಂದರು. ರಾಣಿ ಈಶ್ವರಮ್ಮ ವಿರೋಧಿಸಿದರು. ಟೇಲರನ ಪುಸ್ತಕದಲ್ಲಿ ಆ ರಾಣಿ ಬರೀ ಹಟಮಾರಿ, ಕುತಂತ್ರಿ. ತನ್ನ ಸಂಸ್ಥಾನ ತಾನು ಆಳುತ್ತೇನೆ ಅಂದ ಹೆಂಗಸು ಅವನ ಕಣ್ಣಿಗೆ ಹಾಗೆ ಕಂಡಳು. ಔರಂಗಜೇಬನೇ ಖುದ್ದಾಗಿ ಬಂದು 1705ರಲ್ಲಿ ವಾಗಣಗೇರಿ ಮುತ್ತಿಗೆ ಹಾಕಿ ಬೆವರು ಸುರಿಸಿದ ನಾಯಕರ ಮನೆತನ ಅದು.

ಸಗರನಾಡಿನವ
ಪೇಟೆ ಹುಡುಗ, ಈ ಒಂದು ವಿಷಯದಲ್ಲಿ ನಿಮ್ಮ ಕೈ ಕುಲುಕುತ್ತೇನೆ. ಈಶ್ವರಮ್ಮನ ಕಡೆಯ ಕಥೆ ಯಾರೂ ಬರೆಯಲಿಲ್ಲ. ಬರೆದವನು ಒಬ್ಬನೇ, ಅವಳ ಎದುರಾಳಿ.

ಆದರೆ ನ್ಯಾಯವಾಗಿ ಹೇಳಬೇಕಂದರೆ ಇನ್ನೊಂದೂ ಹೇಳಬೇಕು. ಬೋನಾಳ ಕೆರೆ ನೋಡಿದ್ದೀರಾ? ಮೂಲ ನಾಯಕರ ಕಾಲದ್ದು. ಅದನ್ನು ದೊಡ್ಡದು ಮಾಡಿಸಿದವನು ಟೇಲರ್. ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಬಾತುಗಳು ನೀರು ಕಾಣದ ಹಾಗೆ ಕೂತಿರುತ್ತವೆ. ನಮ್ಮ ಮಾವನ ಗದ್ದೆಗೆ ಅದೇ ನೀರು. ಟೇಲರ್ ಒಳ್ಳೆಯವನೋ ಕೆಟ್ಟವನೋ ಅಂತ ಮಾವನನ್ನು ಕೇಳಿದರೆ "ತೂಬಿನ ಕೆಲಸ ಗಟ್ಟಿ ಮಾಡ್ಯಾನ" ಅನ್ನುತ್ತಾನೆ. ಅಷ್ಟೇ.

ಭೀಮಾತೀರ
ನಳದುರ್ಗದ ಕಡೆ ಜನ ಅವನನ್ನು 'ಮಹಾದೇವ ಬಾಬಾ' ಮಾಡಿಬಿಟ್ಟಿದ್ದರಂತೆ. ಮೆಡೋಸ್ ಅಂತ ನಾಲಿಗೆ ಹೊರಳದೆ ಮಹಾದೇವ.

ಪೇಟೆ ಹುಡುಗ
ಅದನ್ನು ಹೇಳಿದವರು ಯಾರು? ಟೇಲರೇ ತಾನೇ?

ಭೀಮಾತೀರ
ಹೌದು 😅

ಹಳೇ ನಕ್ಷೆ
1857ರ ಕಥೆಯನ್ನೂ ಅವನೇ ಹೇಳಿದ್ದು, ಆದರೆ ಅದು ಚೆನ್ನಾಗಿದೆ. ಬೇರಾರ್ ಸೀಮೆಗೆ ಹೋಗು, ಕೊಡಲು ನನ್ನ ಹತ್ತಿರ ಸೈನ್ಯ ಇಲ್ಲ, ಕಣ್ಣರೆಪ್ಪೆಯಲ್ಲಿ ಜೋತುಬಿದ್ದಾದರೂ ಹಿಡಿದುಕೊಂಡಿರು ಅಂತ ರೆಸಿಡೆಂಟ್ ಕಳಿಸಿದನಂತೆ.

ಮೂರನೇ ಬೆಂಚು
ಹಲ್ಲು ಕಚ್ಚಿಕೊಂಡು ಅಂತ ಕೇಳಿದ್ದೇನೆ, ರೆಪ್ಪೆ ಹೊಸದು. ನಮ್ಮ ಮ್ಯಾನೇಜರ್‌ಗೆ ತೋರಿಸಬಾರದು ಇದನ್ನು.

ನಿವೃತ್ತ ಮೇಷ್ಟ್ರು
ಓದುಹುಚ್ಚಿಯವರ ಮೂಲ ಪ್ರಶ್ನೆಗೆ ನನ್ನ ಉತ್ತರ. ಟೇಲರ್ ಕಣ್ಣಾರೆ ಕಂಡದ್ದನ್ನು ನಂಬಿ. ಕೆರೆ, ಕಲ್ಲು, ದಾರಿ, ದರ್ಬಾರಿನಲ್ಲಿ ಯಾರು ಎಲ್ಲಿ ಕೂತರು, ಇವೆಲ್ಲ. ಬೇರೆಯವರ ಮನಸ್ಸಿನಲ್ಲಿ ಏನಿತ್ತು ಅಂತ ಬರೆದರೆ ಒಂದು ಕಣ್ಣು ಮುಚ್ಚಿ ಓದಿ. ಹುಡುಗ 'ಅಪ್ಪಾ' ಅಂದದ್ದು ನಿಜ ಇರಬಹುದು. ನಮ್ಮ ಕಡೆ ಹಿರಿಯರನ್ನೆಲ್ಲ ಅಪ್ಪಾ ಅಂತೇವೆ. ಟೇಲರ್ ಅದನ್ನು ಇಂಗ್ಲಿಷಿನ 'ಫಾದರ್' ಅಂತ ಕೇಳಿಸಿಕೊಂಡ.

ಓದುಹುಚ್ಚಿ
ಮೇಷ್ಟ್ರೇ!! ಇಡೀ ವಾರ ಓದಿದರೂ ಇದು ಹೊಳೆಯಲಿಲ್ಲ.

ಸಗರನಾಡಿನವ
ಹೌದಲ್ಲ! ನಮ್ಮಲ್ಲಿ ಎಳೆ ಮಗುವಿಗೂ "ಬಾರಪ್ಪ" ಅಂತೀವಿ. ಆದರೂ ಮೇಷ್ಟ್ರೇ, ಸುಮ್ನೆ ಹಾಗಂತ ಪೂರ್ತಿ ತೆಗೆದು ಹಾಕಬೇಡಿ. ಅಪ್ಪ ಇಲ್ಲದ ಹುಡುಗ. ಅವರಪ್ಪ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಏಳೋ ಎಂಟೋ ವರ್ಷ. ಅವನ ಬಾಯಲ್ಲಿ ಆ ಮಾತಿಗೆ ಬೇರೆ ತೂಕ ಇದ್ದಿರಬಹುದು.

ನಿವೃತ್ತ ಮೇಷ್ಟ್ರು
ಅದೂ ಸರಿ.

ಓದುಹುಚ್ಚಿ
ಕೊನೆಯ ಅಧ್ಯಾಯ ಈಗ ಮುಗಿಸಿದೆ. 1860ರಲ್ಲಿ ಊರಿಗೆ ಹೋದವನು ಡಬ್ಲಿನ್ ಹತ್ತಿರ ಮನೆ ಮಾಡಿಕೊಂಡು ಬರೆಯುತ್ತಾ ಕೂತ. ಕಣ್ಣು ಮಂಜಾಯಿತು. ಆದರೂ 1875ರಲ್ಲಿ ಮಗಳ ಜೊತೆ ಮತ್ತೆ ಹೈದರಾಬಾದಿಗೆ ಬಂದ. ಕಾಡುಜ್ವರ ಹತ್ತಿತು. ವಾಪಸು ಹೋಗುವ ದಾರಿಯಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ, 1876ರ ಮೇ 13ರಂದು ತೀರಿಕೊಂಡ. ಚಾಂದ್ ಬೀಬಿಯ ಮೇಲೆ ಬರೆದ ಕಾದಂಬರಿ ಅವನು ಹೋದ ಮೇಲೆ ಬಂತು.

ನಾನು ಸುರಪುರ ನೋಡಬೇಕು. ಜನವರಿಯಲ್ಲಿ ಹೋಗೋಣ ಅಂತಿದ್ದೇನೆ. ಯಾರು ಬರ್ತೀರಿ?

ಕಲ್ಲುಹುಡುಕ
ನಾನು ಬರ್ತೀನಿ. ಮೊದಲು ವಿಭೂತಿಹಳ್ಳಿ, ಆಮೇಲೆ ಸುರಪುರ, ಸಂಜೆಗೆ ಬೋನಾಳ.

ಪೇಟೆ ಹುಡುಗ
ನಾನೂ ಬರ್ತೀನಿ. ಟೇಲರ್ ಮಂಜಿಲ್ ಒಳಗೆ ಬರಲ್ಲ, ವಾಗಣಗೇರಿ ಕೋಟೆಗೆ ಕರೆದುಕೊಂಡು ಹೋಗುವುದಾದರೆ ಸರಿ.

ಸಗರನಾಡಿನವ
ಎಲ್ಲರೂ ಬನ್ನಿ, ಊಟ ನಮ್ಮ ಮನೆಯಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಂಜಿಲ್ ಒಳಗೆ ಬರದವರು ಹೊರಗೆ ನಿಂತು ಗಾಳಿಪಟ ಬಿಡಬಹುದು, ದಾರ ನಾನೇ ಕೊಡುತ್ತೇನೆ.

ಭೀಮಾತೀರ
ಜನವರಿ ಅಂತ ನಂಬಿಕೊಂಡು ಬರಿ ತಲೆಯಲ್ಲಿ ಬರಬೇಡಿ. ಟೋಪಿ ತನ್ನಿ. ವಿಭೂತಿಹಳ್ಳಿಯಲ್ಲಿ ಕಲ್ಲು ಬಿಟ್ಟರೆ ನೆರಳಿಲ್ಲ, ಕಲ್ಲಿನ ಮೇಲೆ ಹಪ್ಪಳ ಇರುತ್ತದೆ.